ಒಂದು ಅಕ್ಷರ ತಾನೆ

ಜೂನ್ 3, ಸೋಮವಾರ. ಬೆಳಿಗ್ಗೆ 6.30

ಇವತ್ತೂ ಮೂವತ್ತೊಂದೇ. ಹಾಲು ಒಲೆಗಿಟ್ಟು ಫೋನಿನಲ್ಲಿ ಅವಳ ಹೆಸರು ಒತ್ತುವುದು — ಹೆಂಡತಿ ತೀರಿಹೋದ ಹನ್ನೊಂದು ತಿಂಗಳಿನ ಅಭ್ಯಾಸ. ಸತ್ಯಭಾಮಾ ವಿ., ಸಾಫ್ಟ್‌ವೇರ್ ಎಂಜಿನಿಯರಿಂಗ್. ಸೈಟೇಷನ್ ಮೂವತ್ತೊಂದು. ಮೊದಲು ಸೈಟು, ನಿವೇಶನದ ಲೆಕ್ಕ ಅಂದುಕೊಂಡಿದ್ದೆ. ಅಲ್ಲ. ಎಲ್ಲೋ ಯಾರೋ ತಮ್ಮ ಪೇಪರಿನಲ್ಲಿ "ಈಕೆ ಹೀಗೆ ಹೇಳಿದ್ದಾಳೆ" ಎಂದು ಬರೆದರೆ ಒಂದು. ಹೋದವಳ ಮಾತನ್ನು ಇನ್ನೂ ಎತ್ತಿ ಆಡುವವರಿದ್ದಾರೆ... ಹಾಲು ಉಕ್ಕಿತು.

ಮದುವೆಯ ಹೊಸತರಲ್ಲಿ "ನನ್ನ ಪೇಪರ್ ಅಕ್ಸೆಪ್ಟ್ ಆಯ್ತು ರೀ" ಅಂದಳು. ನಾನು ಭದ್ರಾವತಿಯ ಕಾಗದನಗರದ ಕಾಗದ ಕಾರ್ಖಾನೆಯವನು. "ಎಷ್ಟು ಟನ್ನು?" ಅಂದೆ. ವಾರವಿಡೀ ನಕ್ಕಳು.

ಜೂನ್ 9, ಭಾನುವಾರ

ಗಗನಾ ಬಂದಿದ್ದಳು. ನನ್ನ ಹೆಂಡತಿಯ ಶಿಷ್ಯೆ, ಈಗ ಅವಳು ಪಾಠ ಮಾಡುತ್ತಿದ್ದ ಕಾಲೇಜಿನಲ್ಲೇ ಮೇಡಂ. ಕಾಲೇಜಿನ ಸಂಚಿಕೆಯಲ್ಲಿ ಸತ್ಯಭಾಮಾಳ ಸಂಶೋಧನೆಯ ಪಟ್ಟಿ ಹಾಕುತ್ತಾರಂತೆ. ಜಂಬದಿಂದ ಮೂವತ್ತೊಂದು ತೋರಿಸಿದೆ.

"ಅಂಕಲ್, ಇದು ಮದುವೆ ಆದ್ಮೇಲಿಂದು. ಮೊದಲಿಂದು ಎಲ್ಲಿ?"

ಗಗನಾಳೇ ಒತ್ತಿದಳು. ಕೆ. ಸತ್ಯಭಾಮಾ. ಕೆ ಅಂದರೆ ಕುಂಸಿ, ನನ್ನವಳ ತವರೂರು. ಒಂದೇ ಪೇಪರ್. ಸೈಟೇಷನ್ ಇನ್ನೂರ ನಾಲ್ಕು.

"ಕಂಪ್ಯೂಟರ್‌ಗೆ ಇವ್ರು ಇಬ್ರು ಬೇರೆ ಬೇರೆ ಹೆಂಗಸ್ರು, ಅಂಕಲ್."

"ಏನು ಹೇಳಿದಾಳೆ ಮಾರಾಯ್ತಿ ಅದ್ರಲ್ಲಿ?"

"ಪ್ರೋಗ್ರಾಮಲ್ಲಿ ತಪ್ಪು ಎಲ್ಲಿ ಹುಟ್ಟುತ್ತೆ ಅಂತ ಮೊದ್ಲೇ ಹೇಳ್ಬಹುದು ಅಂತ. ಯಾವ ಜಾಗಕ್ಕೆ ಪದೇಪದೇ ಕೈ ಹಾಕಿ ಬದಲಾಯಿಸಿದಾರೋ, ಅಲ್ಲೇ."

ಕಾಫಿ ಕೊಡುವುದನ್ನೇ ಮರೆತೆ.

ಜೂನ್ 10

ನಾನೇ ಮಾಡಿಸಿದ್ದು. ಕಾರ್ಖಾನೆಯ ಮೆಡಿಕಲ್ ಕಾರ್ಡಿನಲ್ಲಿ ಹೆಂಡತಿಗೆ ಗಂಡನ ಇನಿಷಿಯಲ್ ಇರಲಿ ಅಂತ. ಅಂದರೆ ನನ್ನದು, ವೆಂಕಟಾಚಲನ ವಿ. ಗುಮಾಸ್ತ ಕೊಟ್ರಬಸಪ್ಪ "ಕೆ ಇದ್ರೂ ನಡೀತದೆ" ಅಂದಿದ್ದ. ನನಗೆ ನಡೆಯಲಿಲ್ಲ. ಹೆಸರು ಬದಲಾವಣೆಯ ಅಫಿಡವಿಟ್ ಮಾಡಿಸಿದೆ. ಕಾಲೇಜಿನಲ್ಲೂ ಬದಲಾಯಿಸಿದೆ.

"ಹಳೇ ಪೇಪರ್ ಆ ಹೆಸರಲ್ಲಿದೆ ರೀ" ಅಂದಳು, ಒಂದೇ ಸಲ.

"ಒಂದು ಅಕ್ಷರ ತಾನೆ? ಹಸ್ಬೆಂಡ್ ಅಂಡ್ ವೈಫ್ ಆರ್ ಒನ್ ಪರ್ಸನ್" ಅಂದೆ. ಬಿ.ಎಸ್ಸಿ.ಯ ಇಂಗ್ಲಿಷು.

ಎರಡು ಸಲ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದಳು. ಇಂಪ್ಯಾಕ್ಟ್ ಕಮ್ಮಿ, ಸೈಟೇಷನ್ ಸಾಲದು ಅಂದರು. ಕೆ. ಸತ್ಯಭಾಮಾ ನಾನೇ ಅಂದಳಂತೆ. ಪುರಾವೆ ಕೇಳಿದರಂತೆ. ಆ ಅಫಿಡವಿಟ್ ಎಲ್ಲಿ ರೀ ಅಂತ ಕೇಳಿದ್ದಳು. ಸವಳಂಗ ರಸ್ತೆಯ ಈ ಮನೆಗೆ ಬರುವಾಗ ಅದಿದ್ದ ಟ್ರಂಕು ಭದ್ರಾವತಿಯಲ್ಲಿ ಕೊಟ್ರಬಸಪ್ಪನ ಅಟ್ಟದಲ್ಲೇ ಉಳಿದಿತ್ತು. ಬರೋ ಭಾನುವಾರ ತರ್ತೀನಿ ಅಂದೆ. ಎಷ್ಟು ಭಾನುವಾರ ಬಂದವೋ... ಅವಳು ಮತ್ತೆ ಕೇಳಲಿಲ್ಲ.

ಜೂನ್ 22, ಶನಿವಾರ

ಭದ್ರಾವತಿಗೆ ಹೋಗಿ ಬಂದೆ. ಮುಕ್ಕಾಲು ಗಂಟೆಯ ಬಸ್ಸು. ಅಷ್ಟೇ ದೂರ.

ಕೊಟ್ರಬಸಪ್ಪ ಟ್ರಂಕು ಇಳಿಸಿ ಧೂಳು ಕೊಡವಿದ. "ಆಗ್ಲೇ ಕೆ ಇರ್ಲಿ ಅಂದೆ. ಕೇಳಿದ್ರಾ ಮಾರಾಯ್ರೆ?" ನಗುತ್ತಲೇ ಅಂದ. ನನ್ನ ಮುಖ ನೋಡಿ ಟ್ರಂಕಿನ ಮುಚ್ಚಳ ತೆಗೆದುಕೊಟ್ಟ.

ಅಫಿಡವಿಟ್ ಮೇಲೆಯೇ ಇತ್ತು. ಹುಡುಕಬೇಕಾಗಲೇ ಇಲ್ಲ. "ಇನ್ನು ಮುಂದೆ ಸತ್ಯಭಾಮಾ ವಿ. ಎಂದೇ ಕರೆಯಲ್ಪಡುವೆನು." ಕೆಳಗೆ ಅವಳ ಸಹಿ. ಅಭ್ಯಾಸಬಲದಿಂದ ಕೆ ಬರೆದು, ಹೊಡೆದು ಹಾಕಿದ್ದಾಳೆ.

ಜೂನ್ 23, ಭಾನುವಾರ. 11 ಗಂಟೆ

ಗಗನಾ ಲ್ಯಾಪ್‌ಟಾಪ್ ತಂದಿದ್ದಾಳೆ. ಇಬ್ಬರನ್ನೂ ಒಬ್ಬಳೇ ಮಾಡುವ ಅರ್ಜಿ. ಅಫಿಡವಿಟ್ ಹಚ್ಚಿದ್ದಾಯಿತು. ಕೊನೆಯ ಸಾಲು — ಯಾವ ಹೆಸರು ಉಳಿಯಬೇಕು? ಒಂದೇ ಉಳಿಯುತ್ತದಂತೆ.

"ಅದು ನೀವೇ ಟೈಪ್ ಮಾಡಿ ಅಂಕಲ್. ಕಾಫಿ ನಾನು ಮಾಡ್ತೀನಿ, ನಿಮ್ಮನ್ನ ನಂಬಿದ್ರೆ ಆಗಲ್ಲ" ಅಂತ ಒಳಗೆ ಹೋದಳು.

ವಿ ಒತ್ತಿದರೆ ಅವಳ ಬೆನ್ನಿಗೆ ನಾನೂ ಇರುತ್ತೇನೆ. ಆಸೆಯಾಯಿತು. ಸುಳ್ಳೇಕೆ, ಬಹಳ ಆಸೆಯಾಯಿತು.

ಒಂದೇ ಬೆರಳಿನಲ್ಲಿ ಒತ್ತಿದೆ. ಕೆ. ಚುಕ್ಕಿ. ಆಮೇಲೆ ಅವಳು.

ಅರ್ಜಿ ಹೋಯಿತು. ನಾಳೆ ಬೆಳಿಗ್ಗೆಯಿಂದ ಹುಡುಕಬೇಕಾದದ್ದು ಕುಂಸಿಯ ಆ ಹುಡುಗಿಯನ್ನು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ ಅವಳನ್ನು ನಾನು ಒಂದು ಸಲವೂ ಹುಡುಕಿರಲಿಲ್ಲ.