ಮೇಡನ್‌ಹೆಡ್‌ನಲ್ಲಿ ತಲೆಯಿಲ್ಲ

೧೩ ಆಗಸ್ಟ್ ೨೦೨೪, ಮಂಗಳವಾರ. ಮತ್ತಿಕೆರೆ.

ಪ್ರತಿಭಾಳ ಆ ನೋಟ ಕಣ್ಣಿನಿಂದ ಮರೆಯಾಗುತ್ತಿಲ್ಲ.

ಬೆಳಿಗ್ಗೆ ಬಸ್ಸಿನಲ್ಲಿ ಅವಳು ಹಳೆಯ ಇಂಗ್ಲಿಷ್ ನಾಟಕದ ಪುಟ ತೋರಿಸಿ, “ಮೇಡನ್‌ಹೆಡ್ ಅಂದ್ರ ಏನವಾ?” ಎಂದು ಜೋರಾಗಿಯೇ ಕೇಳಿದಳು. ಕನ್ಯತ್ವವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸುತ್ತ ಗಂಡಸರಿದ್ದರು, ಆ ಮಾತು ಬಾಯಿಗೆ ಬರಲಿಲ್ಲ. ಗೊತ್ತಿಲ್ಲ ಎನ್ನಲು, ತರಗತಿಗೇ ಮೊದಲಿಗಳೆಂಬ ಹಮ್ಮು ಬಿಡಲಿಲ್ಲ. “ಕೆಲಸದ ಹುಡುಗಿಯರ ಮುಖ್ಯಸ್ಥೆ ಕಣೆ,” ಎಂದುಬಿಟ್ಟೆ.

ಅವಳು ನಂಬಿದಳು. ತರಗತಿಯಲ್ಲಿ ಎದ್ದು ನಿಂತು ಅದನ್ನೇ ಹೇಳಿದಳು. “ಹೆಡ್ ಮೇಡಂ ಬಂದ್ರು, ಎದ್ದೇಳ್ರೋ!” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಪಾಠ ಮಾಡುತ್ತಿದ್ದ ಧನಲಕ್ಷ್ಮಿ ಮೇಡಂ ನಗಲಿಲ್ಲ. “ಅಲ್ಲಿರೋದು ತಲೆ ಅಲ್ಲಮ್ಮಾ. ಚೈಲ್ಡ್‌ಹುಡ್‌ನಲ್ಲಿ ಹುಡ್ ಇದೆಯಲ್ಲ, ಅದರ ಒಡಹುಟ್ಟು ಈ ಹೆಡ್. ನಮ್ಮ ‘ತನ’ ಇದ್ದ ಹಾಗೆ. ಮೇಡನ್ ಅಂದ್ರೆ ಕನ್ನೆ, ಮೇಡನ್‌ಹೆಡ್ ಅಂದ್ರೆ ಕನ್ನೆತನ. ದೊಡ್ಡತನ, ಸಣ್ಣತನ ಅನ್ನಲ್ವಾ?”

ಪ್ರತಿಭಾ ಒಮ್ಮೆ ನನ್ನ ಕಡೆ ನೋಡಿದಳು. ನನ್ನ ಹೆಸರು ಹೇಳಲಿಲ್ಲ. ಸಂಜೆ ಬಸ್ಸಿನಲ್ಲಿ ಎಂದಿನಂತೆ ನನಗೂ ಸೀಟು ಹಿಡಿದಿದ್ದಳು.

ಮೇಡಂ ಕೊನೆಗೆ ಹೇಳಿದ ದೊಡ್ಡತನ, ಸಣ್ಣತನಗಳಲ್ಲಿ ಮೊದಲನೆಯದು ಅವಳದು. ಎರಡನೆಯದು ನನ್ನದೆಂದು ಬರೆದುಕೊಳ್ಳಲು ಈಗಲೂ ಆ ಹಮ್ಮು ಬಿಡುತ್ತಿಲ್ಲ.