ಮೀಸೆ ಬೋಳಿಸಿದ ಮಗನಿಗೆ

ಮನೆಯಿಂದ,
ಬುಧವಾರ ಬೆಳಿಗ್ಗೆ

ಪ್ರೀತಿಯ ಮರೀ,

ಹೇಗಿದ್ದೀಯ? ಮಾವನ ಮನೆಯ ಊಟ ಮೈಗೆ ಹಿಡಿದಿದೆಯೆ? ಹೆದರಿಕೆಯಾದರೆ ನಿನಗೆ ಹೊಟ್ಟೆ ಕೆಡುತ್ತದೆ, ಚಿಕ್ಕಂದಿನಿಂದಲೂ ಹಾಗೆಯೇ, ಅದಕ್ಕೇ ಖಾರ ಕಡಿಮೆ ಮಾಡು. ಸೊಸೆಯ ತಲೆನೋವು ಇಳಿಯಿತೆ? ಅಲ್ಲಿ ಸಾಲದವರ ಕಾಟವಿಲ್ಲವಲ್ಲ, ಇಳಿದಿರಬೇಕು. ನಾನು ಚೆನ್ನಾಗಿದ್ದೇನೆ. ಮೊಣಕಾಲೊಂದು ಬಿಟ್ಟರೆ ಮಿಕ್ಕದ್ದೆಲ್ಲ ಗಟ್ಟಿ. ಕಿವಿಯ ಮಾತು ಬೇಡ, ಅದು ಹೋಗಿ ಯಾವ ಕಾಲವಾಯಿತು.

ಟಿವಿಯ ಪಕ್ಕ ಇಟ್ಟುಹೋದ ಕಾಗದಕ್ಕೆ ಸಹಿ ಹಾಕಿದೆಯಾ ಎಂದು ನೀನು ಮೆಸೇಜಿನ ಮೇಲೆ ಮೆಸೇಜು ಕಳಿಸುತ್ತಿದ್ದೀಯ. ಕಾಗದ ಓದಿದೆ. ಮಗನ ಕ್ರೆಡಿಟ್ ಕಾರ್ಡುಗಳನ್ನು ಅವನಿಗೆ ತಿಳಿಯದಂತೆ ತೆಗೆದುಕೊಂಡು ಮಸಾಜ್ ಕುರ್ಚಿ, ದೊಡ್ಡ ಟಿವಿ, ಚಿನ್ನದ ಬಳೆ ಕೊಂಡವಳು ನಾನೇ ಎಂದು ಬರೆದಿದೆ. ಸುಮ್ಮನೆ ಒಂದು ಸಹಿ, ಏನೂ ಆಗುವುದಿಲ್ಲ ಅನ್ನುತ್ತೀಯ. ಹೇಳುತ್ತೇನೆ, ಸ್ವಲ್ಪ ತಾಳು. ಮೊದಲು ಮನೆಯ ಸುದ್ದಿ ಮುಗಿಸುತ್ತೇನೆ.

ಕಾರ್ಡಿನವರ ವಸೂಲಿಯವನು ದಿನಾ ಬರುತ್ತಾನೆ. ಬೆಲ್ಲು ಒತ್ತಿ ಒತ್ತಿ ಸಾಕಾಗಿ ಕಿಟಕಿಯ ಹತ್ತಿರ ನಿಂತು ಕೈಬೀಸುತ್ತಾನೆ. ನಿನಗೆ ಸಲ್ಲಬೇಕಾದ ಬೈಗುಳವೆಲ್ಲ ನನಗೇ. ಕಿವುಡಿಯ ಮುಂದೆ ಕಿನ್ನರಿ ನುಡಿಸಿದಂತೆ ಕೂಗಿ ಕೂಗಿ ಗಂಟಲೊಣಗಿ, ಕೊನೆಗೆ ಪಾಪ, ನೀರು ಕೇಳಿದ. ಕೊಟ್ಟು, ಆ ಮಸಾಜ್ ಕುರ್ಚಿಯಲ್ಲೇ ಕೂರಿಸಿದೆ. ಬೆನ್ನೆಲ್ಲ ಗುದ್ದಿಸಿಕೊಂಡು, ಕಣ್ಣುಮುಚ್ಚಿ ಸುಖಪಟ್ಟು, ಆಮೇಲೆ ‘ಅಮ್ಮಾ, ಇದು ಎಷ್ಟಾಯ್ತು?’ ಎಂದು ಕೇಳಿದ. ಅವನೇ ವಸೂಲಿ ಮಾಡಬೇಕಾದ ದುಡ್ಡು ಅದು ಎಂದು ನಾನು ಹೇಳಲಿಲ್ಲ.

ಆ ಕುರ್ಚಿ ಬಂದ ದಿನ ನೆನಪಿದೆಯೆ? ನಿನ್ನ ಬಣ್ಣದ ಮೀನಿನ ಅಂಗಡಿಗೆ ಬೀಗ ಬಿದ್ದ ವಾರ. ಈ ಕಾರ್ಡಿನ ಸಾಲಕ್ಕೆ ಆ ಕಾರ್ಡು, ಆ ಕಾರ್ಡಿನ ಸಾಲಕ್ಕೆ ಇನ್ನೊಂದು ಎಂದು ಉಜ್ಜಿ ಉಜ್ಜಿ ಅಂಗಡಿ ಮುಳುಗಿತ್ತು. ಗಾಜಿನ ತೊಟ್ಟಿಗಳು ಒಣಗಿ ಪಾಚಿ ಹಿಡಿದು ವರಾಂಡದಲ್ಲಿ ಬಿದ್ದಿದ್ದವು. ಅಂಥ ಹೊತ್ತಿನಲ್ಲೂ ಮಗ ತಾಯಿಯ ಬೆನ್ನುನೋವು ನೆನೆದ ಎಂದುಕೊಂಡೆ. ಕುರ್ಚಿ ನನ್ನ ಕೋಣೆಗೆ, ಟಿವಿ ನನ್ನ ಗೋಡೆಗೆ. ಬಳೆಯನ್ನು ನೀನೇ ನನ್ನ ಕೈಗೆ ಹಾಕಿದೆ. ನಾನು ಅತ್ತುಬಿಟ್ಟೆ. ಬೀದಿಗೆಲ್ಲ ಬಳೆ ತೋರಿಸಿಕೊಂಡು ಬಂದೆ, ಹುಚ್ಚುಮುಂಡೆ.

ಮರುವಾರ ನನ್ನನ್ನು ವಕೀಲಮ್ಮನ ಕಚೇರಿಗೆ ಕರೆದುಕೊಂಡು ಹೋದೆ. ದಿವಾಳಿ ಅರ್ಜಿ ಹಾಕುವವನು ಸಭ್ಯನ ಹಾಗೆ ಕಾಣಬೇಕೆಂದು ಅಂದು ಬೆಳಿಗ್ಗೆ ಮೀಸೆ ಬೋಳಿಸಿದ್ದೆ. ನನ್ನನ್ನು ಗಾಜಿನ ಗೋಡೆಯ ಈಚೆ, ನೀರಿನ ಕ್ಯಾನಿನ ಪಕ್ಕ ಕೂರಿಸಿ ಒಳಗೆ ಹೋದೆ. ಅಲ್ಲೇ ನೀನು ತಪ್ಪಿದ್ದು, ಮಗನೇ. ನನ್ನ ಕಿವಿ ಹೋದದ್ದು ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ. ಆ ಸದ್ದಿನಲ್ಲಿ ಯಾರ ದನಿಯೂ ಯಾರಿಗೂ ಮುಟ್ಟುತ್ತಿರಲಿಲ್ಲ. ನಾವು ಹೆಂಗಸರು ತುಟಿ ನೋಡಿಯೇ ಸಂಸಾರದ ಕಥೆಯನ್ನೆಲ್ಲ ಆಡಿಕೊಳ್ಳುತ್ತಿದ್ದೆವು, ಮೇಸ್ತ್ರಿಯ ಬೆನ್ನ ಹಿಂದೆ ಅವನನ್ನೇ ಬೈಯುತ್ತಿದ್ದೆವು. ನನಗೆ ಓದಲು ಬಾರದ್ದು ನಿನ್ನ ತುಟಿ ಒಂದೇ. ಮೀಸೆ ಬಂದ ವಯಸ್ಸಿನಿಂದ ಆ ಪೊರಕೆ ಅದನ್ನು ಮುಚ್ಚಿಕೊಂಡಿತ್ತು. ಬೇರೆಯವರೊಡನೆ ನಾನು ಮಾತಾಡುವುದನ್ನು ಕಂಡರೂ ‘ಅಮ್ಮ ಅಂದಾಜಲ್ಲಿ ತಲೆ ಆಡಿಸ್ತಾಳೆ’ ಎಂದು ನೀನು ನಗುತ್ತಿದ್ದೆಯಂತೆ.

ವಕೀಲಮ್ಮ ಒಳ್ಳೆಯ ಮಾತನ್ನೇ ಹೇಳಿದರು. ‘ದಿವಾಳಿ ಆಗ್ತೀನಿ ಅಂತ ಗೊತ್ತಿದ್ದೂ ಕಾರ್ಡ್ ಉಜ್ಜಿದ್ರೆ ಅದನ್ನ ಮೋಸ ಅಂತಾರೆ, ಆ ಸಾಲ ಮನ್ನಾ ಆಗಲ್ಲ. ಇನ್ಮೇಲೆ ಯಾವ ಕಾರ್ಡೂ ಮುಟ್ಟಬೇಡಿ, ವಸ್ತು ಬಚ್ಚಿಡಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ.’ ಅದಕ್ಕೆ ನನ್ನ ಮಗ ಹೇಳಿದ್ದು: ‘ನಾನಲ್ಲ ಮೇಡಂ, ನಮ್ಮಮ್ಮ. ಅರವತ್ತಕ್ಕೆ ಅರಳು ಮರಳು. ಕಾರ್ಡ್ ಕದ್ದು ತಗೊಂಡಿದಾಳೆ. ಎಲ್ಲಾ ಅವಳ ರೂಮಲ್ಲೇ ಇದೆ. ಬಳೆ ಕೈಯಲ್ಲೇ ಇದೆ, ನೋಡಿ.’ ಅವರು ಗಾಜಿನಾಚೆಯಿಂದ ನನ್ನ ಕೈ ನೋಡಿದರು. ನಾನೂ ನೋಡಿಕೊಂಡೆ. ನೀನು ನನ್ನ ಕಡೆ ತಿರುಗಿ ನಕ್ಕೆ. ನಾನೂ ನಕ್ಕೆ.

ನೋವಾಯಿತು ಎಂದು ಬರೆದರೆ ನಿನಗೆ ಅದೊಂದು ಅಸ್ತ್ರವಾಗುತ್ತದೆ, ಆದ್ದರಿಂದ ಹೊಟ್ಟೆ ಉರಿಯಿತು ಎಂದು ಬರೆಯುತ್ತೇನೆ. ಬಂದು ಪಕ್ಕದಲ್ಲಿ ಕೂತು ‘ಅಮ್ಮಾ, ಮುಳುಗಿದೆ’ ಎಂದಿದ್ದರೆ ಮೈಮೇಲಿನ ಸೀರೆ ಬಿಟ್ಟು ಮಿಕ್ಕದ್ದನ್ನೆಲ್ಲ ಮಾರಿ ಕೊಡುತ್ತಿದ್ದೆ. ನೀನು ಕೇಳಲಿಲ್ಲ. ಕಳ್ಳಿ ಅಂದೆ. ನಿನ್ನಪ್ಪ ಕುಡುಕ, ಸೋಮಾರಿ, ಆದರೂ ಆ ಮಾತು ಅವನ ಬಾಯಲ್ಲಿ ಒಂದು ದಿನವೂ ಬರಲಿಲ್ಲ.

ಸೊಸೆಗೆ ಆಶೀರ್ವಾದ, ಬೀಗರಿಗೆ ನಮಸ್ಕಾರ ತಿಳಿಸು. ನೀನು ನೂರು ವರ್ಷ ಬಾಳು. ನಿನಗೆ ಸಾಲ ಕೊಟ್ಟವರ ಹಾರೈಕೆಯೂ ಅದೇ.

ಇಂತಿ,
ನಿನ್ನ ಅರಳು ಮರಳಿನ ಅಮ್ಮ

ತಾ.ಕ.: ಅಂಚೆಗೆ ಹೊತ್ತಾಯಿತು. ಸಹಿ ಹಾಕಿದೆ, ನಿನ್ನ ಕಾಗದಕ್ಕಲ್ಲ. ತುಟಿಯಲ್ಲಿ ಓದಿದ್ದನ್ನೆಲ್ಲ ನನ್ನ ಕೈಯಾರೆ ಬರೆದು ನಿನ್ನೆ ವಕೀಲಮ್ಮನಿಗೆ ಕೊಟ್ಟೆ. ಸೋಮವಾರ ಅರ್ಜಿ ಹಾಕುವುದಾದರೆ ನಿಜ ಬರೆದೇ ಹಾಕಬೇಕಂತೆ, ಇಲ್ಲದಿದ್ದರೆ ನೀನು ಬೇರೆ ವಕೀಲರನ್ನು ಹುಡುಕಿಕೊಳ್ಳಬೇಕಂತೆ. ಇನ್ನೊಂದು ಪ್ರತಿ ವಸೂಲಿಯವನಿಗೆ ಕೊಟ್ಟೆ. ಕುರ್ಚಿ, ಟಿವಿ, ಬಳೆಗೆ ರಸೀದಿ ಬರೆದುಕೊಟ್ಟು ಅವನೇ ಒಯ್ದ. ಸೋಮವಾರ ನಾನೂ ಬಂದು ಗಾಜಿನ ಈಚೆ ಕೂರುತ್ತೇನೆ. ಅಷ್ಟರಲ್ಲಿ ಮೀಸೆ ಬೆಳೆಸಲು ಹೋಗಬೇಡ. ಇನ್ನೊಂದು ಮಾತು. ಊರಿಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ನನಗೆ ಕೈಬೀಸುತ್ತಲೇ ಹೆಂಡತಿಗೆ ಹೇಳಿದೆಯಲ್ಲ, ‘ಸಹಿ ಒಂದು ಬೀಳಲಿ, ಆಮೇಲೆ ಎಷ್ಟು ದಿನ ಅಂತ ಇರ್ತಾಳೆ’ ಎಂದು. ಡಾಕ್ಟರ ಹತ್ತಿರ ಹೋಗಿ ಕೇಳಿಕೊಂಡು ಬಂದೆ. ಬಹಳ ದಿನ ಇರುತ್ತೇನಂತೆ.