ಕತ್ತರಿಸಿದ ಫೋಟೋ

ತಮ್ಮಾ,

ಬಾಂಬ್ ಸಿಡಿದು ನೀನು ತೀರಿಕೊಂಡ ಮಾರುಕಟ್ಟೆಯ ಪಕ್ಕದಲ್ಲೇ ಇಸ್ಲಾಮಿಕ್ ಕೇಂದ್ರ ಕಟ್ಟಬೇಕೋ ಬೇಡವೋ ಎಂದು ಇವತ್ತು ಪುರಭವನದಲ್ಲಿ ಸಭೆಯಿತ್ತು. ಬೇಡವೆನ್ನಲು ನಿನ್ನ ಫೋಟೋ ಹಿಡಿದು ಹೋಗಿದ್ದೆ. ಗ್ಯಾರೇಜಿನ ಮುಂದೆ ಗೆಳೆಯನ ಜೊತೆ ನೀನು ತೆಗೆಸಿಕೊಂಡದ್ದು. ಅವನನ್ನು ಕತ್ತರಿಸಿ ತೆಗೆದಿದ್ದೆ.

ನನಗಿಂತ ಮೊದಲು ಅವನ ಅಮ್ಮ ಎದ್ದರು. ಅವರ ಕೈಯಲ್ಲೂ ಅದೇ ಫೋಟೋ. ಅದರಲ್ಲಿ ನೀನೂ ಇದ್ದೆ, ನಗುತ್ತಾ.

"ನನ್ನ ಮಗನೂ ಅವತ್ತು ಅಲ್ಲೇ ಹೋದ. ಈ ಇಬ್ಬರಿಗೂ ದುವಾ ಮಾಡೋಕೆ ಒಂದು ಜಾಗ ಬೇಕಪ್ಪಾ" ಎಂದರು.

"ಸಾಕು, ಕೂತ್ಕೊಳಮ್ಮ!" ಎಂದು ಯಾರೋ ಗದರಿದರು.

ನನ್ನ ಸರದಿ ಬಂತು. "ಬೇಡ" ಎಂದೆ. ಚಪ್ಪಾಳೆ ಬಿತ್ತು. ನಿನ್ನ ಹೆಗಲ ಮೇಲೆ ಉಳಿದುಬಿಟ್ಟಿದ್ದ ಅವನ ಕೈ ಯಾರಿಗೂ ಕಾಣಬಾರದೆಂದು ಹೆಬ್ಬೆರಳು ಒತ್ತಿ ಹಿಡಿದಿದ್ದೆ ಕಣೋ. ಮನೆಗೆ ಬಂದರೂ ಬೆರಳು ಎತ್ತಲು ಧೈರ್ಯ ಸಾಲುತ್ತಿಲ್ಲ.

ಅಕ್ಕ